ಸೋನಿ ಎಫ್970 ಬ್ಯಾಟರಿ: ಕೊಪ್ಪಳದ ಬಿಸಿಲಲ್ಲಿ ಆರು ವರ್ಷ ದುಡಿಸಿದ ಮೇಲೆ

ಕೊಪ್ಪಳ, ಕುಷ್ಟಗಿ, ಗಂಗಾವತಿ ಕಡೆ ಮದುವೆ ವಿಡಿಯೋ ಮಾಡುವ ಕೆಲಸ ನನ್ನದು. ಕ್ಯಾಮೆರಾ ಸೋನಿ ಎಂಸಿ2500, ಹೆಗಲ ಮೇಲೆ ಇಟ್ಟುಕೊಳ್ಳುವಂಥದ್ದು. ಅದಕ್ಕೆ ಹಾಕುವ ಎನ್‌ಪಿ-ಎಫ್970 ಬ್ಯಾಟರಿ ಒಂದು ಜೋಡಿ ತಂದು ಆರು ವರ್ಷದ ಮೇಲಾಯಿತು. ಒಂದು ಇವತ್ತಿಗೂ ಕ್ಯಾಮೆರಾದಲ್ಲೇ ಇದೆ. ಇನ್ನೊಂದನ್ನು ಈಗ ಲೈಟಿಗೆ ಹಾಕುತ್ತೇನೆ. ಬೆಲೆ ಜಾಸ್ತಿ, ತೂಕವೂ ಜಾಸ್ತಿ, ಆದರೂ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಹೊಸದರಲ್ಲಿ ಬೆಳಗಿನ ಸುರಗಿಯಿಂದ ಅಕ್ಕಿಕಾಳು ಬೀಳುವವರೆಗೂ ಒಂದೇ ಬ್ಯಾಟರಿಯಲ್ಲಿ ಮುಗಿಸುತ್ತಿದ್ದೆ. ಈಗ ಅಕ್ಕಿಕಾಳಿಗೆ ಮುಂಚೆ ಸುಮ್ನೆ ಒಮ್ಮೆ ಬದಲಾಯಿಸಿಬಿಡುತ್ತೇನೆ. ಆ ಗಳಿಗೆ ತಪ್ಪಿದರೆ ಮತ್ತೆ ಸಿಗುವುದಿಲ್ಲ ಅಲ್ವಾ.

ಇಷ್ಟು ಬಾಳಿಕೆ ಬಂದದ್ದು ಬ್ರ್ಯಾಂಡಿನಿಂದ ಮಾತ್ರ ಅಲ್ಲ. ಬ್ಯಾಟರಿಯನ್ನು ಎಲ್ಲಿ ಇಡುತ್ತೇವೆ, ಎಷ್ಟು ಚಾರ್ಜಿನಲ್ಲಿ ಇಡುತ್ತೇವೆ ಅನ್ನುವುದು ನಮ್ಮ ಕಡೆ ಎಲ್ಲಕ್ಕಿಂತ ಮುಖ್ಯ. ಲಿಥಿಯಂ ಅಯಾನ್ ಬ್ಯಾಟರಿ ಬರೀ ಬಳಸಿದ್ದಕ್ಕೆ ಸವೆಯುವುದಿಲ್ಲ. ಕೂತಲ್ಲೇ ಮುಪ್ಪಾಗುತ್ತದೆ. ಶಾಖ ಮತ್ತು ಫುಲ್ ಚಾರ್ಜ್ ಎರಡೂ ಸೇರಿದರೆ ಬೇಗ ಮುಪ್ಪಾಗುತ್ತದೆ. ಫುಲ್ ಚಾರ್ಜ್ ಮಾಡಿ 40 ಡಿಗ್ರಿ ಶಾಖದಲ್ಲಿ ಒಂದು ವರ್ಷ ಇಟ್ಟರೆ ಅದರ ಶಕ್ತಿಯ ಸುಮಾರು ಮೂರನೇ ಒಂದು ಪಾಲು ಹೋಗುತ್ತದೆ, ಮತ್ತೆ ಬರುವುದಿಲ್ಲ. ಅದೇ ಶಾಖದಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಚಾರ್ಜಿನಲ್ಲಿ ಇಟ್ಟರೆ ನಷ್ಟ ಸುಮಾರು 15 ಪರ್ಸೆಂಟಿಗೆ ಇಳಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮಗೆ 40 ಡಿಗ್ರಿ ಅನ್ನುವುದು ಮಾಮೂಲು. ತಗಡಿನ ಮನೆಯ ಅಟ್ಟದ ಮೇಲೆ, ಕಾರಿನ ಡಿಕ್ಕಿಯಲ್ಲಿ ಅದಕ್ಕಿಂತ ಜಾಸ್ತಿಯೇ ಇರುತ್ತದೆ.

ಅದಕ್ಕೇ ನನ್ನ ಲೆಕ್ಕ ಪಂಚಾಂಗದ ಪ್ರಕಾರ ನಡೆಯುತ್ತದೆ. ಆಷಾಢ ಬಂತು ಅಂದರೆ ಮದುವೆ ಇಲ್ಲ. ಕೊನೆಯ ಮದುವೆ ಮುಗಿಸಿ ಬಂದ ಮೇಲೆ ಬ್ಯಾಟರಿಗಳನ್ನು ಅರ್ಧಕ್ಕೆ ಇಳಿಸಿ, ಕ್ಯಾಮೆರಾದಿಂದ ತೆಗೆದು, ಒಳಮನೆಯ ಅಲ್ಮೇರಾದ ಕೆಳಗಿನ ಖಾನೆಯಲ್ಲಿ ಇಡುತ್ತೇನೆ. ತಿಂಗಳಿಗೊಮ್ಮೆ ಕ್ಯಾಮೆರಾಗೆ ಹಾಕಿ ನೋಡುತ್ತೇನೆ. ಅಸಲಿ ಬ್ಯಾಟರಿಯೊಳಗೆ ಇನ್ಫೋಲಿಥಿಯಂ ಅನ್ನುವ ಚಿಪ್ ಇರುವುದರಿಂದ ಎಷ್ಟು ನಿಮಿಷ ಉಳಿದಿದೆ ಅಂತ ಪರದೆಯ ಮೇಲೇ ಬರುತ್ತದೆ. ತೀರಾ ಇಳಿದಿದ್ದರೆ ಸ್ವಲ್ಪ ಚಾರ್ಜ್ ಕೊಡುತ್ತೇನೆ. ಫ್ರಿಜ್‌ನಲ್ಲಿ ಇಡುವವರೂ ಇದ್ದಾರೆ. ನಾನು ಬೇಡ ಅನ್ನುತ್ತೇನೆ. ಹೊರಗೆ ತೆಗೆದ ಕೂಡಲೇ ನಮ್ಮ ಸೆಕೆಗೆ ಅದರ ಮೇಲೆ ನೀರಿನ ಪಸೆ ಕೂರುತ್ತದೆ. ಲೋಹದ ಕಾಂಟ್ಯಾಕ್ಟ್‌ಗಳಿಗೆ ಅದು ಒಳ್ಳೆಯದಲ್ಲ.

ಸೀಸನ್‌ನಲ್ಲಿ ನಿಜವಾದ ತೊಂದರೆ ಚಾರ್ಜಿಂಗ್‌ನದು. ಈ ಜಾತಿಯ ಸೆಲ್‌ಗಳನ್ನು 45 ಡಿಗ್ರಿಯ ಮೇಲೆ ಚಾರ್ಜ್ ಮಾಡಬಾರದು. ಹೊರಗೇ 40 ಇದ್ದಾಗ, ಆಗಷ್ಟೇ ಕ್ಯಾಮೆರಾದಿಂದ ತೆಗೆದ ಬ್ಯಾಟರಿಯ ಒಳಗೆ ಎಷ್ಟಿರಬೇಕು ಹೇಳಿ. ಅಂಗೈಯಲ್ಲಿ ಹಿಡಿದರೆ ಬೆಚ್ಚಗಿರುವ ಬ್ಯಾಟರಿಯನ್ನು ನಾನು ಚಾರ್ಜರಿಗೆ ಹಾಕುವುದಿಲ್ಲ. ಅರ್ಧ ಗಂಟೆ ಫ್ಯಾನಿನ ಕೆಳಗೆ ಇಟ್ಟು ಆಮೇಲೆ ಹಾಕುತ್ತೇನೆ. ಕಲ್ಯಾಣ ಮಂಟಪದಲ್ಲಿ ನಮಗೆ ತೋರಿಸುವ ಪ್ಲಗ್ ಯಾವಾಗಲೂ ಅಡುಗೆ ಮನೆಯ ಪಕ್ಕದ್ದೇ. ಆಚೆ ಭಟ್ಟಿ ಉರಿಯುತ್ತಿರುತ್ತದೆ, ಈಚೆ ಗೋಡೆ ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ಅಲ್ಲಿ ಬೇಡವೇ ಬೇಡ. ಮದುಮಗಳ ರೂಮಿನಲ್ಲಿ ಎಸಿ ಇರುತ್ತದೆ. "ಅಕ್ಕಾರ, ಒಂದ್ ಪ್ಲಗ್ ಕೊಡ್ರಿ, ನಿಮ್ಮ ವಿಡಿಯೋದ ಸಲುವಾಗೇ" ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ.

ಪೂರ್ತಿ ಇಳಿಸಿಯೇ ಚಾರ್ಜ್ ಮಾಡಬೇಕು ಅನ್ನುವ ಹಳೆಯ ಮಾತು ಈಗಲೂ ನಡೆಯುತ್ತಿದೆ. ಅದು ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಕಾಲದ್ದು. 1991ರಲ್ಲಿ ಸೋನಿಯವರು ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದರು. ಆ ಹಳೆಯ ನಿಯಮ ಇದಕ್ಕೆ ಅನ್ವಯಿಸುವುದಿಲ್ಲ. ಊಟದ ಹೊತ್ತಿನಲ್ಲಿ ಸ್ವಲ್ಪ ಚಾರ್ಜ್ ಮಾಡಿಕೊಂಡರೆ ಏನೂ ಕೆಡುವುದಿಲ್ಲ. ಕೆಡುವುದು ಸೊನ್ನೆಗೆ ಇಳಿಸಿ ಹಾಗೇ ಬಿಟ್ಟರೆ.

ಸೊನ್ನೆಗೆ ಇಳಿಸುವ ಕೆಲಸ ಮಾಡುವುದು ಎಲ್‌ಇಡಿ ಲೈಟುಗಳು. ಕ್ಯಾಮೆರಾ ಸರಿಯಾದ ಹೊತ್ತಿಗೆ ತಾನೇ ಆಫ್ ಆಗುತ್ತದೆ. ಎಷ್ಟೋ ಅಗ್ಗದ ಲೈಟುಗಳು ಹಾಗಲ್ಲ, ಕೊನೆಯ ಹನಿವರೆಗೂ ಹೀರುತ್ತವೆ. ಸ್ವಿಚ್ ಆಫ್ ಮಾಡಿದರೂ ಕೆಲವು ಒಂದಿಷ್ಟು ಕರೆಂಟು ಎಳೆಯುತ್ತಲೇ ಇರುತ್ತವೆ. ಬ್ಯಾಟರಿ ಸಿಕ್ಕಿಸಿಯೇ ಎರಡು ತಿಂಗಳು ಬ್ಯಾಗಿನಲ್ಲಿಟ್ಟರೆ ಆಮೇಲೆ ಚಾರ್ಜರ್ ಅದನ್ನು ಗುರುತಿಸುವುದೇ ಇಲ್ಲ. ಮೆರವಣಿಗೆ ಮುಗಿದ ಮೇಲೆ ನಮ್ಮ ಹುಡುಗರು ಮೊದಲು ಮಾಡುವ ಕೆಲಸ ಲೈಟಿನಿಂದ ಬ್ಯಾಟರಿ ಬಿಚ್ಚುವುದು.

ಇನ್ನು ಡೂಪ್ಲಿಕೇಟ್ ವಿಷಯ. ಕಾಲು ಬೆಲೆಗೆ ಸಿಕ್ಕಿದ ಒಂದು ಜೋಡಿಯನ್ನು ಲೈಟಿಗೆ ಅಂತ ಇಟ್ಟುಕೊಂಡಿದ್ದೆವು. ಒಂದು ಬೇಸಿಗೆಯಲ್ಲಿ ಹುಡುಗ ಓಡಿ ಬಂದು "ಅಣ್ಣಾ, ಬ್ಯಾಟ್ರಿ ಉಬ್ಬೇತ್ರಿ, ಹೊರಗ ಬರವಲ್ದು" ಅಂದ. ಲೈಟಿನ ಹಿಂದಿನ ಪ್ಲೇಟಿನಲ್ಲಿ ಅದು ಗಟ್ಟಿಯಾಗಿ ಸಿಕ್ಕಿಕೊಂಡಿತ್ತು. ಇಂಥದ್ದನ್ನು ಸ್ಕ್ರೂಡ್ರೈವರ್ ಹಾಕಿ ಎಬ್ಬಬಾರದು. ತೂತು ಬಿದ್ದರೆ ಬೆಂಕಿ ಹತ್ತುತ್ತದೆ. ಲೈಟಿನ ಆಸೆ ಬಿಟ್ಟು, ಸಿಕ್ಕಿಕೊಂಡ ಬ್ಯಾಟರಿ ಸಮೇತ ಅದನ್ನು ಮನೆಯಿಂದ ಹೊರಗೆ ಇಟ್ಟೆವು.

ಈ ಅಳತೆಯ ಬ್ಯಾಟರಿಯೊಳಗೆ 18650 ಅನ್ನುವ ಉದ್ದನೆಯ ಸೆಲ್‌ಗಳು ಆರು ಇರುತ್ತವೆ. ಎರಡೆರಡು ಸರಣಿಯಲ್ಲಿ, ಅಂಥ ಮೂರು ಜೋಡಿ. ಸರಣಿಯಲ್ಲಿ ಜೋಡಿಸಿದರೆ ವೋಲ್ಟೇಜ್ ಮಾತ್ರ ಕೂಡುತ್ತದೆ, ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಕೂಡುವುದಿಲ್ಲ, ಹಾಗಾಗಿ ಲೆಕ್ಕಕ್ಕೆ ಮೂರೇ. ಒಳ್ಳೆಯ ಸೆಲ್ ಒಂದಕ್ಕೆ 3500 ಎಂಎಎಚ್ ಹಿಡಿದರೂ ಒಟ್ಟು 10500 ದಾಟುವುದಿಲ್ಲ. ಅದಕ್ಕಿಂತ ಜಾಸ್ತಿ ಬರೆದಿದ್ದರೆ ನಂಬಬೇಡಿ. ಒಂದು ಸೆಲ್ ಸುಮಾರು 45 ಗ್ರಾಂ, ಅಂದರೆ ಆರಕ್ಕೆ 270. ಆ ಉಬ್ಬಿದ ಬ್ಯಾಟರಿಯ ಜೊತೆಗಾರನನ್ನು ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿದೆ. 200 ಗ್ರಾಂ ಕೂಡ ತೂಗಲಿಲ್ಲ. ಒಳಗೆ ಏನಿದೆ ಅಂತ ಅಲ್ಲೇ ಗೊತ್ತಾಯಿತು. ನೀವೂ ಕೊಳ್ಳುವ ಮುಂಚೆ ತೂಗಿ ನೋಡಿ.

ಕಾಂಟ್ಯಾಕ್ಟ್‌ಗಳನ್ನು ಒಣ ಬಟ್ಟೆಯಲ್ಲಿ ಒರೆಸಿ. ಬ್ಯಾಗಿನಲ್ಲಿ ಬೀಗದ ಕೈ, ಚಿಲ್ಲರೆ ಜೊತೆ ಹಾಕಬೇಡಿ, ಶಾರ್ಟ್ ಆಗುತ್ತದೆ. ವಿಮಾನದಲ್ಲಿ ಹೋಗುವುದಿದ್ದರೆ ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು. ಎಫ್970 ಸುಮಾರು 47 ವ್ಯಾಟ್ ಅವರ್‌ನದು, 100ರ ಮಿತಿಯೊಳಗೇ ಬರುತ್ತದೆ.

ಹೊಸಬರು ಕೇಳಿದರೆ ನನ್ನ ಸಲಹೆ ಇಷ್ಟು. ಕ್ಯಾಮೆರಾಗೆ ಎರಡು ಅಸಲಿ ತಗೊಳ್ಳಿ, ಅವು ಸೋತ ಮೇಲೆ ಲೈಟಿಗೆ ಹಾಕಿ. ಕೊಳ್ಳುವಾಗ ತಯಾರಾದ ತಿಂಗಳು ಕೇಳಿ, ಬಿಲ್ ತಗೊಳ್ಳಿ. ಅಂಗಡಿಯ ಬಿಸಿ ಶೋಕೇಸಿನಲ್ಲಿ ಎರಡು ಬೇಸಿಗೆ ಕಳೆದ ಪೀಸನ್ನು ರಿಯಾಯಿತಿ ಕೊಟ್ಟರೂ ಬಿಡಿ. ಕೆಟ್ಟದ್ದನ್ನು ಕಸದ ಗಾಡಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ವಾಪಸು ಪಡೆಯುವ ಹೊಣೆ ತಯಾರಕರದ್ದು. ಕಾಂಟ್ಯಾಕ್ಟ್ ಮೇಲೆ ಟೇಪ್ ಅಂಟಿಸಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.