ಚಿಗರಿ ಬಸ್ಸು ಚಲೋ ಐತಿ, ಬಸ್ಸಿನ ತನಕ ಹೋಗೋ ದಾರಿ ಇನ್ನೂ ಆಗಬೇಕು

ಹುಬ್ಬಳ್ಳಿ-ಧಾರವಾಡ ಬಿಆರ್‌ಟಿಎಸ್, ಅಂದರೆ ಬಸ್ಸಿಗೆ ಅಂತಲೇ ಬೇರೆ ದಾರಿ ಬಿಟ್ಟು ಬೇಗ ಓಡಿಸುವ ವ್ಯವಸ್ಥೆ, ಅದರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಅದರಲ್ಲಿ ಓಡುವ ಬಸ್ಸಿನ ಹೆಸರೇ ಚಿಗರಿ. ಬೇರೆ ಊರಿನ ನೆಂಟರು, ಗೆಳತಿಯರು ಕೇಳುತ್ತಲೇ ಇರುತ್ತಾರೆ, ನಿಮ್ಮೂರಿನ ಚಿಗರಿ ಹೇಗಿದೆ ಅಂತ. ನಮ್ಮ ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯ ವಿದ್ಯಾನಗರದಲ್ಲಿ. 2018ರ ಅಕ್ಟೋಬರ್ 2ರಂದು ಪ್ರಾಯೋಗಿಕವಾಗಿ ಬಸ್ಸು ಬಿಟ್ಟರಲ್ಲ, ಆ ವಾರದಿಂದಲೇ ಹತ್ತಲು ಶುರು ಮಾಡಿದವಳು ನಾನು. ಮೊದಲೇ ಹೇಳಿಬಿಡುತ್ತೇನೆ. ಬಸ್ಸಿಗೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಬಸ್ಸಿನ ಆಚೆ ಈಚೆ ಇರುವ ರಸ್ತೆಗೆ, ಅಂದರೆ ನಡೆಯುವವರಿಗೆ ಬಿಟ್ಟ ಜಾಗಕ್ಕೆ, ಎರಡಕ್ಕಿಂತ ಜಾಸ್ತಿ ಕೊಡಲು ಮನಸ್ಸು ಬರುವುದಿಲ್ಲ.

ಮೊದಲಿನ ಪರಿಸ್ಥಿತಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಈ ಎರಡು ಊರು 1962ರಿಂದ ಒಂದೇ ಮಹಾನಗರ ಪಾಲಿಕೆಯಲ್ಲಿ ಇದ್ದವು. ನಡುವೆ ಸುಮಾರು 20 ಕಿಲೋಮೀಟರ್ ಪಿ.ಬಿ. ರೋಡ್, ಅಂದರೆ ಪುಣೆ-ಬೆಂಗಳೂರು ರಸ್ತೆ. ಕಾಲೇಜು, ಕೋರ್ಟು, ಆಸ್ಪತ್ರೆ, ಸಂತೆ ಎಲ್ಲದಕ್ಕೂ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಟ. ಆಗ ಸರಕಾರಿ ಕೆಂಪು ಬಸ್ಸು, ಖಾಸಗಿಯವರ ಬೇಂದ್ರೆ ಬಸ್ಸು, ಟೆಂಪೋ, ಲಾರಿ, ಬೈಕು ಎಲ್ಲವೂ ಒಂದೇ ಓಣಿಯಲ್ಲಿ ನುಗ್ಗಿದ ಹಾಗೆ ಹೋಗುತ್ತಿದ್ದವು. ಬಸ್ಸು ಎಡಕ್ಕೆ ಬಂದು ನಿಲ್ಲಬೇಕು, ಅಲ್ಲಿ ಆಟೋ ನಿಂತಿರುತ್ತದೆ, ಹಣ್ಣಿನ ಗಾಡಿ ನಿಂತಿರುತ್ತದೆ, ಹಾಗಾಗಿ ಬಸ್ಸು ರಸ್ತೆಯ ನಡುವೆಯೇ ನಿಲ್ಲುತ್ತದೆ, ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಾರೆ, ನಾವು ಸೀರೆ ಎತ್ತಿಕೊಂಡು ಬೈಕುಗಳ ನಡುವೆ ಓಡಬೇಕು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹುಬ್ಬಳ್ಳಿ ಮುಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಯಾರೂ ಖಾತ್ರಿಯಾಗಿ ಹೇಳುತ್ತಿರಲಿಲ್ಲ.

ಈಗ ಹುಬ್ಬಳ್ಳಿಯಿಂದ ಧಾರವಾಡದ ತನಕ ಸುಮಾರು 22 ಕಿಲೋಮೀಟರ್ ರಸ್ತೆಯ ನಟ್ಟನಡುವೆ ಬಸ್ಸಿಗೆ ಅಂತಲೇ ದಾರಿ ಇದೆ. ವಿಶ್ವಬ್ಯಾಂಕಿನ ನೆರವಿನಿಂದ ಆದ ಕೆಲಸ. 2020ರ ಫೆಬ್ರವರಿ 2ರಂದು ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರು ಬಂದು ಅಧಿಕೃತವಾಗಿ ಉದ್ಘಾಟನೆ ಮಾಡಿದರು. ಎರಡು ತಿಂಗಳು ತುಂಬುವ ಮೊದಲೇ ಲಾಕ್‌ಡೌನ್ ಬಂತು, ಬಸ್ಸೆಲ್ಲ ನಿಂತವು. ಅದೆಲ್ಲ ದಾಟಿ ಬಂದಿದೆ ಈ ಸೇವೆ. ವೋಲ್ವೋ ಎಸಿ ಬಸ್ಸುಗಳು. ನಮ್ಮ ಕಡೆ ಕೃಷ್ಣಮೃಗಕ್ಕೆ ಚಿಗರಿ ಅನ್ನುತ್ತಾರೆ, ಹೊಲದಲ್ಲಿ ಹಿಂಡು ಹಿಂಡಾಗಿ ಜಿಗಿದು ಹೋಗುತ್ತವಲ್ಲ, ಅವು. ಇಷ್ಟು ಒಪ್ಪುವ ಹೆಸರನ್ನು ನಮ್ಮ ಮಾತಿನಿಂದಲೇ ಎತ್ತಿ ಇಟ್ಟಿದ್ದು ನನಗೆ ಇವತ್ತಿಗೂ ಖುಷಿ.

ಬಸ್ಸು ಬೇಗ ಹೋಗಲು ಎಸಿ, ವೋಲ್ವೋ ಕಾರಣ ಅಲ್ಲ. ದಾರಿಯಲ್ಲಿ ಸಣ್ಣ ಸಣ್ಣದಾಗಿ ಹಾಳಾಗುತ್ತಿದ್ದ ಸಮಯವನ್ನು ಒಂದೊಂದು ಕಡೆ ಉಳಿಸಿದ್ದಾರೆ. ಟಿಕೆಟ್ ನಿಲ್ದಾಣದಲ್ಲೇ ತೆಗೆದುಕೊಳ್ಳಬೇಕು, ಇಲ್ಲವಾದರೆ ಕಾರ್ಡ್ ಇರಬೇಕು. ಗೇಟು ದಾಟಿ ಒಳಗೆ ಹೋದ ಮೇಲೆ ಬಸ್ಸಿನಲ್ಲಿ ಚಿಲ್ಲರೆ ಕೇಳುವ ಮಾತೇ ಇಲ್ಲ. ನಿಲ್ದಾಣದ ಕಟ್ಟೆ ಮತ್ತು ಬಸ್ಸಿನ ನೆಲ ಒಂದೇ ಎತ್ತರಕ್ಕೆ ಇವೆ, ಮೆಟ್ಟಿಲು ಹತ್ತುವ ಕೆಲಸ ಇಲ್ಲ. ಮೊಣಕಾಲು ನೋವಿರುವವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಅವರನ್ನೇ ಕೇಳಿ. ನಿಲ್ದಾಣ ರಸ್ತೆಯ ನಡುವೆ ಇರುವುದರಿಂದ ಬಾಗಿಲು ಬಲಗಡೆ ತೆರೆಯುತ್ತದೆ, ಮೊದಲ ದಿನ ಎಲ್ಲರೂ ಎಡಗಡೆ ನೋಡುತ್ತಾ ನಿಂತಿದ್ದು ನೆನಪಿದೆ. ನಡುವೆ ದಾರಿ ಮಾಡಿದ್ದೂ ಯೋಚನೆ ಮಾಡಿಯೇ. ರಸ್ತೆಯ ಎಡ ಅಂಚಿನಲ್ಲಿ ಬಸ್ ಲೇನ್ ಮಾಡಿದರೆ ಅಂಗಡಿ ಮುಂದೆ ನಿಲ್ಲಿಸಿದ ಕಾರು, ಒಳರಸ್ತೆಯಿಂದ ಹೊರಗೆ ಬರುವ ಬೈಕು, ಗಿರಾಕಿ ಕಾಯುವ ಆಟೋ ಎಲ್ಲವೂ ಅದರಲ್ಲೇ ಬಂದು ಕೂರುತ್ತವೆ. ನಡುವೆ ಆ ಕಾಟ ಕಡಿಮೆ. ಇನ್ನೊಂದು ಚಲೋ ಕೆಲಸ ಅಂದರೆ ನಿಲ್ದಾಣದ ಹತ್ತಿರ ಇನ್ನೊಂದು ಬಸ್ಸು ದಾಟಿ ಹೋಗಲು ಜಾಗ ಬಿಟ್ಟಿದ್ದಾರೆ. ಎಲ್ಲಾ ಕಡೆ ನಿಲ್ಲುವ ಬಸ್ಸು ಜನ ಹತ್ತಿಸಿಕೊಳ್ಳುತ್ತಿರುವಾಗ ಎಕ್ಸ್‌ಪ್ರೆಸ್ ಪಕ್ಕದಿಂದ ಹೋಗಿಬಿಡುತ್ತದೆ. ಈ ಒಂದು ಜಾಗ ಬಿಡದಿದ್ದರೆ ಇಡೀ ದಾರಿ ಒಂದು ಸರತಿ ಸಾಲಾಗುತ್ತಿತ್ತು.

ನನ್ನ ದಿನದ ಪ್ರಯಾಣ ಜ್ಯುಬಿಲಿ ಸರ್ಕಲ್‌ನಿಂದ. ಕೋರ್ಟ್ ಸರ್ಕಲ್, ಟೋಲ್ ನಾಕಾ, ವಿದ್ಯಾಗಿರಿ ದಾಟುವ ತನಕ ಊರು, ನಿಧಾನ. ನವಲೂರು ಬಂತೆಂದರೆ ಬಸ್ಸಿಗೆ ಉಸಿರು ಬರುತ್ತದೆ. ಪೇರಲಹಣ್ಣಿನ ಕಾಲದಲ್ಲಿ ನವಲೂರಿನ ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು ಕೂತಿರುವುದು ಕಿಟಕಿಯಿಂದ ಕಾಣುತ್ತದೆ. ಸತ್ತೂರಿನಲ್ಲಿ ಎಸ್‌ಡಿಎಂ ಆಸ್ಪತ್ರೆಗೆ ಹೋಗುವವರು ಇಳಿಯುತ್ತಾರೆ, ಕೈಯಲ್ಲಿ ಎಕ್ಸ್‌ರೇ ಕವರು, ಟಿಫನ್ ಡಬ್ಬಿ. ರಾಯಾಪುರ, ನವನಗರ, ಭೈರಿದೇವರಕೊಪ್ಪ. ಉಣಕಲ್ ಕೆರೆ ಬಂದಾಗ ನಾನು ಎದ್ದು ಬಾಗಿಲ ಹತ್ತಿರ ಹೋಗುತ್ತೇನೆ. ಸಂಜೆ ಬಿವಿಬಿ ಕಾಲೇಜಿನ ಹುಡುಗರು ಹತ್ತಿದ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಆದರೂ "ಅಕ್ಕಾರ, ಮುಂದ ಬರ್ರಿ, ಇಲ್ಲಿ ಜಾಗ ಐತಿ" ಅಂತ ಕರೆಯುವವರು ಒಬ್ಬರಾದರೂ ಇರುತ್ತಾರೆ. ಕೂತವರು ನಿಂತವರ ಚೀಲ ಇಸಿದುಕೊಂಡು ತೊಡೆ ಮೇಲೆ ಇಟ್ಟುಕೊಳ್ಳುತ್ತಾರೆ. ಎಸಿ ಬಸ್ಸು ಬಂದರೂ ಆ ಪದ್ಧತಿ ಹೋಗಿಲ್ಲ.

ಮುಖ್ಯವಾಗಿ, ಮನೆಯಲ್ಲಿ ಹೇಳಿ ಹೊರಡಬಹುದು. ಇಷ್ಟಕ್ಕೆ ಹತ್ತಿದರೆ ಇಷ್ಟಕ್ಕೆ ಇಳಿಯುತ್ತೇನೆ ಅಂತ. ಪಕ್ಕದ ರಸ್ತೆಯಲ್ಲಿ ಕಾರುಗಳು ಸಾಲಾಗಿ ನಿಂತಿರುವಾಗ ನಮ್ಮ ಬಸ್ಸು, ಅರವತ್ತು ಎಪ್ಪತ್ತು ಮಂದಿಯನ್ನು ತುಂಬಿಕೊಂಡು, ಮುಂದೆ ಹೋಗುತ್ತದೆ. ಕಾರಿನವರಿಗೆ ಆಗ ಸಿಟ್ಟು ಬರುತ್ತದೆ, ನನಗೆ ಗೊತ್ತು. ಅಷ್ಟು ಅಗಲದ ದಾರಿ ಖಾಲಿ ಬಿದ್ದಿದೆ, ನಮಗೂ ಬಿಡಿ ಅನ್ನುತ್ತಾರೆ. ಆದರೆ ಅದು ಖಾಲಿ ಕಾಣುವುದು ಬಸ್ಸು ಬೇಗ ಬಂದು ಬೇಗ ಹೋಗುವುದರಿಂದ. ಎಲ್ಲರನ್ನೂ ಒಳಗೆ ಬಿಟ್ಟರೆ ವಾರದೊಳಗೆ ಅದೂ ಪಕ್ಕದ ರಸ್ತೆಯ ಹಾಗೇ ಆಗುತ್ತದೆ, ಆಮೇಲೆ ಬಸ್ಸೂ ಹೋಗುವುದಿಲ್ಲ, ಕಾರೂ ಹೋಗುವುದಿಲ್ಲ.

ದೆಹಲಿಯಲ್ಲಿ ಇದೇ ಜಗಳ ಆಗಿತ್ತು. ಅಂಬೇಡ್ಕರ್ ನಗರದಿಂದ ಮೂಲ್‌ಚಂದ್ ತನಕ 2008ರಲ್ಲಿ ಬಸ್ ದಾರಿ ಮಾಡಿದರು. ಕಾರಿನವರ ವಿರೋಧ ಕೋರ್ಟಿನ ತನಕ ಹೋಯಿತು. 2012ರಲ್ಲಿ ಹೈಕೋರ್ಟ್ ಬಸ್ ದಾರಿಯ ಪರವಾಗಿಯೇ ಹೇಳಿತು, ಆದರೂ 2016ರಲ್ಲಿ ಅದನ್ನು ಕಿತ್ತು ಹಾಕಿದರು. ಬೆಂಗಳೂರಿನಲ್ಲಿ 2019ರ ಅಕ್ಟೋಬರ್‌ನಲ್ಲಿ ಸಿಲ್ಕ್ ಬೋರ್ಡ್‌ನಿಂದ ಟಿನ್ ಫ್ಯಾಕ್ಟರಿ ಕಡೆಗೆ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಬಸ್ ಲೇನ್ ಮಾಡಿದ್ದರು. ನನ್ನ ತಂಗಿ ಆಗ ಮಾರತ್ತಹಳ್ಳಿಯಲ್ಲಿ ಇದ್ದಳು, ದಿನಾ ಅರ್ಧ ತಾಸು ಉಳಿಯುತ್ತಿದೆ ಅಂತ ಫೋನ್ ಮಾಡಿ ಹೇಳುತ್ತಿದ್ದಳು. ಆಮೇಲೆ ಕೊರೊನಾ ಬಂತು, ಮೆಟ್ರೋ ಕೆಲಸ ಬಂತು, ಆ ಲೇನ್ ಹೋಯಿತು. ಇದನ್ನೆಲ್ಲ ನೋಡಿದಾಗ ನಮ್ಮ ದಾರಿ ಉಳಿದಿರುವುದೇ ದೊಡ್ಡದು ಅನಿಸುತ್ತದೆ. ಅದಕ್ಕೇ ಇದನ್ನು ಇನ್ನೂ ಚೆನ್ನಾಗಿ ಮಾಡಿ ಅಂತ ಕೇಳುವ ಹಕ್ಕು ನಮಗಿದೆ ಅಂದುಕೊಂಡಿದ್ದೇನೆ.

ಈಗ ರಸ್ತೆಯ ವಿಷಯಕ್ಕೆ ಬರುತ್ತೇನೆ. ನನಗೆ ಜಾಸ್ತಿ ಹೇಳಬೇಕಾಗಿರುವುದು ಇಲ್ಲೇ.

ನಿಲ್ದಾಣ ರಸ್ತೆಯ ನಡುವೆ ಇದೆ ಅಂದೆನಲ್ಲ. ಅಂದರೆ ಹತ್ತಲು ಬಂದವರೂ ಇಳಿದವರೂ, ಎಲ್ಲರೂ, ಪ್ರತಿ ಸಲವೂ, ಅರ್ಧ ರಸ್ತೆ ದಾಟಲೇಬೇಕು. ಬಸ್ಸಿಗೆ ಬೇರೆ ದಾರಿ ಸಿಕ್ಕ ಮೇಲೆ ಪಕ್ಕದ ರಸ್ತೆಯಲ್ಲಿ ಗಾಡಿಗಳ ಓಟ ಇನ್ನೂ ಜೋರಾಗಿದೆ. ನಮ್ಮ ಅವ್ವನಿಗೆ ಎಪ್ಪತ್ತೆರಡು. ಒಂದು ಸಂಜೆ ನಿಲ್ದಾಣದಿಂದ ಇಳಿದು ಬಿಳಿ ಪಟ್ಟಿಯ ಮೇಲೇ ದಾಟುತ್ತಿದ್ದಳು. ಅರ್ಧಕ್ಕೆ ಬಂದಾಗ ಒಂದು ಬೈಕು ಅವಳ ಕೈಚೀಲಕ್ಕೆ ತಾಗಿಸಿಕೊಂಡು ಹೋಯಿತು, ನಿಲ್ಲಿಸಲೂ ಇಲ್ಲ. ಅವ್ವ ಕೂತುಬಿಟ್ಟಳು. ಮೂಳೆ ಮುರಿಯಲಿಲ್ಲ, ದೇವರು ದೊಡ್ಡವನು, ಮೊಣಕೈ ತರಚಿತು, ಚೀಲದಲ್ಲಿದ್ದ ಪೇಢೆ ರಸ್ತೆ ತುಂಬಾ ಚೆಲ್ಲಿತು. ಹೂವು ಮಾರುವ ಅಕ್ಕ ಓಡಿ ಬಂದು ಎಬ್ಬಿಸಿದಳಂತೆ. ಅವತ್ತಿನಿಂದ ಅವ್ವ ಒಬ್ಬಳೇ ಚಿಗರಿ ಹತ್ತಿಲ್ಲ. "ಬಸ್ಸಿಂದೇನ ಅಂಜಿಕಿ ಇಲ್ಲವಾ, ರಸ್ತೆ ದಾಟೂದ ಅಂಜಿಕಿ" ಅನ್ನುತ್ತಾಳೆ. ಮೆಟ್ಟಿಲಿಲ್ಲದ ಬಸ್ಸು ಮಾಡಿದ್ದೇ ಅವ್ವನಂಥವರಿಗೆ. ಅವಳು ಬಸ್ಸಿನ ಬಾಗಿಲ ತನಕ ಬರಲು ಆಗದಿದ್ದರೆ ಏನು ಉಪಯೋಗ ಹೇಳಿ.

ನೆರಳಿನ ವಿಷಯ. ರಸ್ತೆ ಅಗಲ ಮಾಡುವಾಗ ಪಿ.ಬಿ. ರೋಡಿನ ಎಷ್ಟೋ ಹಳೇ ಮರಗಳು ಹೋದವು. ಬೇವು, ಅರಳಿ, ಹುಣಸೆ. ಆಗ ಜನ ಬೇಜಾರು ಮಾಡಿಕೊಂಡಿದ್ದರು, ವಿರೋಧವೂ ಆಗಿತ್ತು. ಹೋದ ಮರ ಬರುವುದಿಲ್ಲ ಅಂತ ನನಗೂ ಗೊತ್ತು. ಆದರೆ ಇಷ್ಟು ವರ್ಷದಲ್ಲಿ ಒಂದು ಬೇವಿನ ಸಸಿ ನೆಟ್ಟು ನೀರು ಹಾಕಿದ್ದರೆ ಇವತ್ತು ಅದರ ಕೆಳಗೆ ನಾಲ್ಕು ಜನ ನಿಲ್ಲುತ್ತಿದ್ದರು. ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡಕ್ಕೆ ನಿಲ್ದಾಣದಿಂದ ಇಳಿದು ಮನೆ ತನಕ ಹತ್ತು ನಿಮಿಷ ನಡೆದು ನೋಡಿ. ಎಸಿ ಬಸ್ಸಿನಲ್ಲಿ ತಣ್ಣಗೆ ಕೂತು ಬಂದ ತಲೆ ಕಾದ ಹಂಚಿನಂತೆ ಆಗುತ್ತದೆ. ನಾನು ನೋಡಿದ ಹಾಗೆ ಬೇಸಿಗೆಯಲ್ಲಿ ಜನ ಬಸ್ಸು ಬಿಟ್ಟು ಸ್ಕೂಟಿ ತೆಗೆಯಲು ಇದೇ ಕಾರಣ.

ಫುಟ್‌ಪಾತ್ ಕೆಲವು ಕಡೆ ಚೆನ್ನಾಗಿಯೇ ಇದೆ. ಆದರೆ ಎಲ್ಲಾ ಕಡೆ ಒಂದೇ ಸಮ ಇಲ್ಲ. ಒಂದು ಕಡೆ ಅಗಲ, ಸ್ವಲ್ಪ ಮುಂದೆ ಕಲ್ಲು ಎದ್ದಿರುತ್ತದೆ, ಇನ್ನೊಂದು ಕಡೆ ಅಂಗಡಿಯವರ ಬೈಕುಗಳು, ಮತ್ತೊಂದು ಕಡೆ ಒಳರಸ್ತೆ ಬಂದ ಜಾಗದಲ್ಲಿ ಒಂದಡಿ ಕೆಳಗೆ ಇಳಿದು ಮತ್ತೆ ಒಂದಡಿ ಹತ್ತಬೇಕು. ತಳ್ಳುಗಾಡಿಯವರನ್ನು ನಾನು ದೂರುವುದಿಲ್ಲ. ಗಿರ್ಮಿಟ್ ಮಾರುವವರು, ಹೂವಿನವರು ಇದ್ದರೆ ಸಂಜೆ ಹೊತ್ತು ಹೆಣ್ಣುಮಕ್ಕಳಿಗೆ ಧೈರ್ಯ, ಬೆಳಕೂ ಇರುತ್ತದೆ. ಅವ್ವನನ್ನು ಎಬ್ಬಿಸಿದವಳೂ ಹೂವಿನವಳೇ. ಅವರಿಗೊಂದು ಜಾಗ ಗುರುತು ಮಾಡಿ ಕೊಟ್ಟು ನಡೆಯುವವರಿಗೆ ಉಳಿದದ್ದನ್ನು ಬಿಟ್ಟರೆ ಇಬ್ಬರಿಗೂ ಆಗುತ್ತದೆ. ದಾರಿ ಕಟ್ಟುವುದು ಕಾರು ಬೈಕುಗಳ ಪಾರ್ಕಿಂಗ್.

ಮಳೆಗಾಲದ ಟೋಲ್ ನಾಕಾ ಬಗ್ಗೆ ಧಾರವಾಡದವರಿಗೆ ನಾನು ಹೇಳುವುದು ಬೇಕಿಲ್ಲ. ಜೋರು ಮಳೆ ಬಂದರೆ ಅಲ್ಲಿ ನೀರು ನಿಲ್ಲುತ್ತದೆ, ಪೇಪರಿನಲ್ಲಿ ಫೋಟೋ ಬರುತ್ತದೆ. ರಸ್ತೆ ಎತ್ತರ ಮಾಡಿದಾಗ ನೀರು ಹೋಗುವ ಹಳೇ ದಾರಿಯನ್ನೂ ನೋಡಬೇಕು ಅನ್ನುವುದಕ್ಕೆ ಅದಕ್ಕಿಂತ ಬೇರೆ ಉದಾಹರಣೆ ಬೇಡ.

ಏನು ಮಾಡಬೇಕು ಅಂತ ಕೇಳಿದರೆ, ಮತ್ತೆ ಕೋಟಿಗಟ್ಟಲೆ ಸುರಿದು ರಸ್ತೆ ಅಗೆಯಿರಿ ಅಂತ ನಾನು ಹೇಳುತ್ತಿಲ್ಲ. ದಾಟುವ ಜಾಗದಲ್ಲಿ ರಸ್ತೆಯನ್ನೇ ಫುಟ್‌ಪಾತಿನ ಎತ್ತರಕ್ಕೆ ಏರಿಸಿ ಅಗಲವಾದ ದಿಬ್ಬ ಮಾಡಿದರೆ ಗಾಡಿಗಳು ತಾವಾಗಿಯೇ ನಿಧಾನ ಆಗುತ್ತವೆ, ಅವ್ವನಂಥವರು ಇಳಿದು ಹತ್ತುವುದೂ ತಪ್ಪುತ್ತದೆ. ಗುಂಡಿ ಒತ್ತಿದರೆ ಕೆಂಪು ದೀಪ ಬರುವ ಸಿಗ್ನಲ್ ಪ್ರತಿ ನಿಲ್ದಾಣದ ಮುಂದೆಯೂ ಇರಬೇಕು, ಇದ್ದದ್ದು ದಿನಾ ಕೆಲಸ ಮಾಡಬೇಕು, ಮತ್ತು ಆ ದೀಪ ಮುದುಕರ ನಡಿಗೆಗೆ ಸಾಕಾಗುವಷ್ಟು ಹೊತ್ತು ಇರಬೇಕು, ಕಾಲೇಜು ಹುಡುಗರ ಓಟಕ್ಕೆ ಅಳೆದು ಇಟ್ಟರೆ ಆಗುವುದಿಲ್ಲ. ನಿಲ್ದಾಣದಿಂದ ಎರಡೂ ಕಡೆ ಐನೂರು ಹೆಜ್ಜೆ ದೂರದ ತನಕ ಸಾಲಾಗಿ ಬೇವು, ಹೊಂಗೆ ನೆಡಲಿ. ಮೂರು ಬೇಸಿಗೆ ನೀರು ಹಾಕಿದರೆ ಸಾಕು, ಆಮೇಲೆ ಅವೇ ಬದುಕಿಕೊಳ್ಳುತ್ತವೆ. ಇಳಿದ ಜಾಗದಿಂದ ಒಳಗಿನ ಬಡಾವಣೆಗಳಿಗೆ ಸಣ್ಣ ಬಸ್ಸು ಬಿಡಲಿ. ಈಗ ಚಿಗರಿಗೆ ಕೊಟ್ಟಿದ್ದಕ್ಕಿಂತ ಜಾಸ್ತಿ ದುಡ್ಡನ್ನು ಕೊನೆಯ ಎರಡು ಕಿಲೋಮೀಟರಿಗೆ ಆಟೋಗೆ ಕೊಡಬೇಕಾಗುತ್ತದೆ.

ಹಾಗೇ ಬಸ್ಸುಗಳ ಕಡೆಗೂ ಗಮನ ಬೇಕು. 2018ರಿಂದ ಓಡುತ್ತಿರುವ ಗಾಡಿಗಳು, ದಿನವಿಡೀ ಈ ದಾರಿಯಲ್ಲೇ ಹೋಗಿ ಬರುತ್ತವೆ. ಅವುಗಳ ರಿಪೇರಿಗೆ, ಹೊಸ ಬಸ್ಸಿಗೆ ಸರಕಾರ ದುಡ್ಡು ಎತ್ತಿಡಲೇಬೇಕು. ಬಸ್ಸಿಲ್ಲದೆ ಬಸ್ಸಿನ ದಾರಿ ಇಟ್ಟುಕೊಂಡು ಏನು ಮಾಡುವುದು?

ಮೊದಲ ಸಲ ಬರುವವರಿಗೆ ಎರಡು ಮಾತು. ಹುಬ್ಬಳ್ಳಿ ರೈಲ್ವೆ ಸ್ಟೇಷನ್ನಿನಲ್ಲಿ ಇಳಿದರೆ ಚಿಗರಿ ಅಲ್ಲಿಂದಲೇ ಸಿಗುತ್ತದೆ. ಧಾರವಾಡದ ಹೊಸ ಬಸ್ ಸ್ಟ್ಯಾಂಡಿನ ತನಕ ಹೋಗುವವರು ಎಕ್ಸ್‌ಪ್ರೆಸ್ ಹತ್ತಿ, ನಡುವೆ ಇಳಿಯುವವರು ನಿಮ್ಮ ನಿಲ್ದಾಣದಲ್ಲಿ ಅದು ನಿಲ್ಲುತ್ತದೋ ಇಲ್ಲವೋ ಅಂತ ಕೌಂಟರಿನಲ್ಲಿ ಕೇಳಿ. ಬೆಳಿಗ್ಗೆ ಒಂಬತ್ತರಿಂದ ಹತ್ತೂವರೆ, ಸಂಜೆ ಐದರಿಂದ ಏಳು ಬಿಟ್ಟರೆ ಕೂರಲು ಸೀಟು ಸಿಗಬಹುದು. ದಾಟುವಾಗ ಮಾತ್ರ ಒಬ್ಬೊಬ್ಬರೇ ಓಡಬೇಡಿ, ನಾಲ್ಕು ಜನ ಸೇರಿದ ಮೇಲೆ ಒಟ್ಟಿಗೆ ದಾಟಿ, ಗಾಡಿಯವರು ಗುಂಪಿಗೆ ನಿಲ್ಲಿಸುತ್ತಾರೆ.

ಬರುವ ಭಾನುವಾರ ಅವ್ವನನ್ನು ಉಣಕಲ್ ಕೆರೆಗೆ ಕರೆದುಕೊಂಡು ಹೋಗುವುದಿದೆ. ಆಟೋ ಬೇಡ, ಚಿಗರಿಯಲ್ಲೇ ಹೋಗೋಣ ಅಂದಿದ್ದೇನೆ. "ದಾಟುವಾಗ ಕೈ ಬಿಡಬ್ಯಾಡ ಮತ್ತ" ಅಂದಿದ್ದಾಳೆ.