ಆರು ವರ್ಷ, 610 ಗಂಟೆ: ನಮ್ಮ ಲ್ಯಾಬಿನ 1 ಕಿಲೋವ್ಯಾಟ್ ಫ್ಯೂಯಲ್ ಸೆಲ್ ಹೇಗಿದೆ?

ದಾವಣಗೆರೆಯ ಒಂದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ನಲ್ಲಿ ನಾನು ಇನ್‌ಸ್ಟ್ರಕ್ಟರ್. 2019ರ ಆಗಸ್ಟ್‌ನಲ್ಲಿ ನಮ್ಮ ವಿಭಾಗಕ್ಕೆ 1 ಕಿಲೋವ್ಯಾಟ್‌ನ ಹೈಡ್ರೋಜನ್ ಫ್ಯೂಯಲ್ ಸೆಲ್ ಬಂತು. ಡಬ್ಬ ಬಿಚ್ಚಿದ ವಾರಕ್ಕೇ ಐದು ಸ್ಟಾರ್ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಆರು ವರ್ಷ ಬಳಸಿ ಬರೆಯುತ್ತಿದ್ದೇನೆ. ಕಂಪನಿ ಹೆಸರು ಹೇಳುವುದಿಲ್ಲ. ಮುಂದೆ ಅವರನ್ನು ಸ್ವಲ್ಪ ಬೈದಿದ್ದೇನೆ, ತಪ್ಪಿನಲ್ಲಿ ಅರ್ಧ ಪಾಲು ನಮ್ಮದೂ ಇದೆ.

ಗಾತ್ರ ಹಳೇ ಕಾಲದ ರೇಡಿಯೋದಷ್ಟು. ತೂಕ ನಾಲ್ಕು ಕೆಜಿ. ಒಳಗೆ 48 ಸೆಲ್‌ಗಳನ್ನು ಒಂದರ ಪಕ್ಕ ಒಂದು ಒತ್ತಿ ಜೋಡಿಸಿದ್ದಾರೆ, ಅದಕ್ಕೇ ಸ್ಟ್ಯಾಕ್ ಅನ್ನುವುದು. ಪ್ರತಿ ಸೆಲ್‌ನ ನಡುವೆ ಒಂದು ತೆಳು ಪ್ಲಾಸ್ಟಿಕ್ ಪೊರೆ. ಇಂಥ ಪೊರೆಗಳು ಸಾಮಾನ್ಯವಾಗಿ 25 ಮೈಕ್ರಾನ್ ಆಸುಪಾಸು, ಅಂದರೆ ತಲೆಕೂದಲಿಗಿಂತ ತೆಳು. ಪೊರೆಯ ಎರಡೂ ಮುಖಕ್ಕೆ ಕಾರ್ಬನ್ ಪುಡಿಯ ಮೇಲೆ ಕೂರಿಸಿದ ಪ್ಲಾಟಿನಂ, ರಾಸಾಯನಿಕ ಕ್ರಿಯೆ ನಡೆಯುವುದು ಅದರ ಮೇಲ್ಮೈಯಲ್ಲೇ. ಒಂದು ಕಡೆ ಹೈಡ್ರೋಜನ್, ಇನ್ನೊಂದು ಕಡೆ ಗಾಳಿ. ಹೈಡ್ರೋಜನ್‌ನ ಪ್ರೋಟಾನ್ ಒದ್ದೆ ಪೊರೆ ದಾಟಿ ಗಾಳಿ ಕಡೆಗೆ ಹೋಗುತ್ತದೆ, ಎಲೆಕ್ಟ್ರಾನ್ ಹೊರಗಿನ ತಂತಿಯಲ್ಲಿ ಸುತ್ತಿ ಬರುತ್ತದೆ. ಕರೆಂಟ್, ನೀರು, ಬಿಸಿ ಹೊರಗೆ ಬರುತ್ತವೆ. ಲೋಡ್ ಇಲ್ಲದಾಗ ಒಂದು ಸೆಲ್ ಹತ್ತಿರ ಹತ್ತಿರ 1 ವೋಲ್ಟ್ ತೋರಿಸುತ್ತದೆ, ಕೆಲಸ ಮಾಡುವಾಗ 0.6ರಿಂದ 0.7. ಸದ್ದಿಲ್ಲ, ಹೊಗೆಯಿಲ್ಲ, ಫ್ಯಾನಿನ ಶಬ್ದ ಮಾತ್ರ. ಮೊದಲ ದಿನ ಹುಡುಗರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದ್ದರು.

ನನಗೊಂದು ಚಟ ಇದೆ, ಎಲ್ಲವನ್ನೂ ನೋಟ್‌ಬುಕ್‌ನಲ್ಲಿ ಬರೆದಿಡುವುದು. ಪ್ರತಿ ಸಲ 20 ಆಂಪಿಯರ್ ಲೋಡ್ ಕೊಟ್ಟು, ಹತ್ತು ನಿಮಿಷ ಬಿಟ್ಟು ವೋಲ್ಟೇಜ್ ಬರೆಯುತ್ತೇನೆ. 2019ರಲ್ಲಿ 33.1 ಇತ್ತು. 2022ರ ಮಾರ್ಚ್‌ಗೆ 31.2. ಈಗ 30.8. ಆ ಮಾರ್ಚ್‌ವರೆಗೆ ಓಡಿದ ಮೊದಲ 270 ಗಂಟೆಯಲ್ಲಿ 1.9 ವೋಲ್ಟ್ ಹೋಯಿತು. ಆಮೇಲಿನ 340 ಗಂಟೆಯಲ್ಲಿ ಹೋಗಿದ್ದು ಬರೀ 0.4. ಅದೇ ಸ್ಟ್ಯಾಕ್, ಅದೇ ಗ್ಯಾಸ್, ಅದೇ ದಾವಣಗೆರೆ ಬಿಸಿಲು. ಬದಲಾಗಿದ್ದು ನಾವು ಅದನ್ನು ಆನ್ ಮಾಡುವ, ಆಫ್ ಮಾಡುವ ರೀತಿ.

ಮೊದಲೆಲ್ಲ ಏನಾಗುತ್ತಿತ್ತು ಅಂದರೆ, ಒಂದೊಂದು ಬ್ಯಾಚ್ ಬಂದಾಗಲೂ ಹುಡುಗರ ಕೈಯಲ್ಲೇ ಆನ್ ಮಾಡಿಸುತ್ತಿದ್ದೆವು. ಕಲಿಯಲಿ ಅಂತ. ಒಂದು ಮಧ್ಯಾಹ್ನಕ್ಕೆ ಐದಾರು ಸಲ ಆನ್, ಐದಾರು ಸಲ ಆಫ್. ಟ್ಯೂಬ್‌ಲೈಟ್ ಸ್ವಿಚ್ ಒತ್ತಿದ ಹಾಗೆ. ಆಫ್ ಮಾಡಿ ಬಿಟ್ಟಾಗ ಹೈಡ್ರೋಜನ್ ಇರಬೇಕಾದ ಕಡೆಗೂ ಮೆಲ್ಲಗೆ ಗಾಳಿ ನುಗ್ಗುತ್ತದೆ. ಮತ್ತೆ ಆನ್ ಮಾಡಿದ ಮೊದಲ ಕ್ಷಣದಲ್ಲಿ ಅರ್ಧ ಸೆಲ್‌ಗೆ ಹೈಡ್ರೋಜನ್ ಬಂದಿರುತ್ತದೆ, ಇನ್ನರ್ಧದಲ್ಲಿ ಇನ್ನೂ ಗಾಳಿಯೇ ಇರುತ್ತದೆ. ಆಗ ಎದುರಿನ ಗಾಳಿ ಬದಿಯ ಒಂದು ಭಾಗದ ವೋಲ್ಟೇಜ್ 1.4, 1.5ಕ್ಕೆ ಜಿಗಿಯುತ್ತದೆ. ಮೀಟರ್‌ನಲ್ಲಿ ಇದು ಕಾಣುವುದೇ ಇಲ್ಲ. ಆದರೆ ಅಷ್ಟು ವೋಲ್ಟೇಜ್‌ಗೆ ಕಾರ್ಬನ್ ಸುಟ್ಟು ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ. ಕಾರ್ಬನ್ ಅಂದರೆ ಪ್ಲಾಟಿನಂ ನಿಂತಿರುವ ನೆಲ. ನೆಲವೇ ಹೋದರೆ ಪ್ಲಾಟಿನಂ ಎಲ್ಲಿ ನಿಲ್ಲಬೇಕು?

ಇನ್ನೊಂದು ವಿಷಯ ಅರ್ಥವಾಗಲು ನನಗೆ ಎರಡು ವರ್ಷ ಬೇಕಾಯಿತು. ಈ ಯಂತ್ರ ದುಡಿದು ಸವೆಯುವುದಕ್ಕಿಂತ ಸುಮ್ನೆ ಕೂತು ಸವೆಯುವುದೇ ಜಾಸ್ತಿ. ಲೋಡ್ ಇಲ್ಲದೆ ಆನ್ ಆಗಿದ್ದಾಗ ಪ್ರತಿ ಸೆಲ್ 0.9 ವೋಲ್ಟ್‌ಗಿಂತ ಮೇಲಿರುತ್ತದೆ. ಆ ಎತ್ತರದಲ್ಲಿ ಪ್ಲಾಟಿನಂ ಕಣಗಳು ಚೂರು ಚೂರೇ ಕರಗುತ್ತವೆ. ಸಣ್ಣ ಕಣ ಕರಗಿ ದೊಡ್ಡ ಕಣಕ್ಕೆ ಅಂಟಿಕೊಳ್ಳುತ್ತದೆ. ಲೋಹ ಅಷ್ಟೇ ಇದ್ದರೂ ಕೆಲಸ ಮಾಡುವ ಮೇಲ್ಮೈ ಕಡಿಮೆಯಾಗುತ್ತದೆ. ನಾವೋ, ಆನ್ ಮಾಡಿಟ್ಟು ಅಟೆಂಡೆನ್ಸ್ ಕೂಗುತ್ತಿದ್ದೆವು!

2022ರ ಫೆಬ್ರವರಿಯಲ್ಲಿ 31ನೇ ಸೆಲ್ ಕೆಟ್ಟಿತು. 25 ಆಂಪಿಯರ್ ಲೋಡ್ ಓಡುತ್ತಿದ್ದಾಗ ಸಿಲಿಂಡರ್ ಖಾಲಿಯಾಯಿತು. ಯಾರೂ ಗೇಜ್ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. 47 ಲೀಟರ್ ಸಿಲಿಂಡರ್‌ನಲ್ಲಿ ಸುಮಾರು 7 ಘನ ಮೀಟರ್ ಗ್ಯಾಸ್ ಇರುತ್ತದೆ. ತೂಕ ಹಾಕಿದರೆ ಆರು ನೂರು ಗ್ರಾಂ ಚಿಲ್ಲರೆ ಅಷ್ಟೇ. ಫುಲ್ ಲೋಡ್‌ಗೆ ಒಂಬತ್ತು ಗಂಟೆ ಬಂದರೆ ಹೆಚ್ಚು. 48 ಸೆಲ್‌ಗಳೂ ಸರಣಿಯಲ್ಲಿ ಇರುವುದರಿಂದ, ಒಂದಕ್ಕೆ ಹೈಡ್ರೋಜನ್ ಸಿಗದಿದ್ದರೂ ಉಳಿದ 47 ಸೇರಿ ಅದರೊಳಗೆ ಕರೆಂಟನ್ನು ದಬ್ಬುತ್ತವೆ. ಆಗ ಅದು ತನ್ನ ಕಾರ್ಬನ್ನನ್ನೇ ತಿಂದು ಕರೆಂಟ್ ಒದಗಿಸುತ್ತದೆ. ವೋಲ್ಟೇಜ್ ಉಲ್ಟಾ ಆಗುತ್ತದೆ. ಅದು ನಡೆದದ್ದು ಅರ್ಧ ನಿಮಿಷ ಇರಬೇಕು, ಅಷ್ಟೇ. ಮಾರನೇ ದಿನ ಮಲ್ಟಿಮೀಟರ್ ಹಿಡಿದು ಒಂದೊಂದೇ ಪ್ಲೇಟ್ ಮುಟ್ಟಿ ನೋಡಿದೆ. ಎಲ್ಲ 0.66, 0.65 ಅನ್ನುತ್ತಿದ್ದರೆ 31 ಮಾತ್ರ 0.41.

ಕಂಪನಿಗೆ ಫೋನ್ ಮಾಡಿದೆ. ಅಲ್ಲಿಂದ ಬಂದ ಉತ್ತರ: ಒಂದು ಸೆಲ್ ಬದಲಿಸಲು ಬರುವುದಿಲ್ಲ, ಇಡೀ ಸ್ಟ್ಯಾಕ್ ಕಳಿಸಿ, ಹೊಸದರ ಅರ್ಧಕ್ಕಿಂತ ಜಾಸ್ತಿ ದುಡ್ಡಾಗುತ್ತದೆ. ಸರಿ, ಗ್ಯಾಸ್ ಖಾಲಿಯಾದರೆ ತಾನೇ ಲೋಡ್ ಕಡಿದುಕೊಳ್ಳುವ ವ್ಯವಸ್ಥೆ ಯಾಕಿಲ್ಲ ಅಂತ ಕೇಳಿದೆ. ಅದು ಬೇರೆ ಮಾಡೆಲ್‌ನಲ್ಲಿ ಇದೆಯಂತೆ. ನನ್ನ ಮುಖ್ಯ ದೂರು ಇದೇ. ಲಕ್ಷಗಟ್ಟಲೆ ದುಡ್ಡಿನ ವಸ್ತುವಿಗೆ ಕೆಲವು ಸಾವಿರದ ಕಾವಲು ಇಟ್ಟಿಲ್ಲ. ಕೊನೆಗೆ ನಮ್ಮ ಫೈನಲ್ ಇಯರ್ ಹುಡುಗಿಯರಿಬ್ಬರು ಪ್ರಾಜೆಕ್ಟ್ ಅಂತ ಒಂದು ಬೋರ್ಡ್ ಮಾಡಿಕೊಟ್ಟರು. ಎರಡೆರಡು ಸೆಲ್‌ಗೆ ಒಂದು ವೈರ್. 31ಕ್ಕೆ ಮಾತ್ರ ಬೇರೆ ಲೆಕ್ಕ. ಉಳಿದ ಯಾವ ಜೋಡಿ 1 ವೋಲ್ಟ್‌ಗಿಂತ ಕೆಳಗಿಳಿದರೂ ರಿಲೇ ಟಕ್ ಅಂತ ಲೋಡ್ ಕಡಿಯುತ್ತದೆ. ಇವತ್ತಿಗೂ ಓಡುತ್ತಿದೆ.

ಅದೇ ಮಾರ್ಚ್‌ನಿಂದ ಪದ್ಧತಿ ಬದಲಿಸಿದೆವು. ದಿನಕ್ಕೆ ಒಂದೇ ಸ್ಟಾರ್ಟ್. ಬ್ಯಾಚ್‌ಗಳು ಸಾಲಾಗಿ ಬರಬೇಕು. ಆನ್ ಆದ ಅರ್ಧ ನಿಮಿಷದೊಳಗೆ ಏನಾದರೂ ಲೋಡ್ ಇರಲೇಬೇಕು. ಆಫ್ ಮಾಡುವುದಂತೂ ಈಗ ಒಂದು ಪೂಜೆ ಇದ್ದ ಹಾಗೆ. ಪಿ.ಬಿ. ರಸ್ತೆಯ ಅಂಗಡಿಯಿಂದ 24 ವೋಲ್ಟಿನ ಎರಡು ಸಣ್ಣ ಲಾರಿ ಬಲ್ಬ್ ತಂದು ಸರಣಿಯಲ್ಲಿ ಹಾಕಿದ್ದೇನೆ. ದೊಡ್ಡ ಲೋಡ್ ತೆಗೆದು, ಫ್ಯಾನ್ ನಿಲ್ಲಿಸಿ, ಗಾಳಿ ಬಾಯಿಗೆ ಅಕ್ರಿಲಿಕ್ ಮುಚ್ಚಳ ಹಾಕಿ, ಬಲ್ಬ್ ಮಾತ್ರ ಉರಿಯಲು ಬಿಡುತ್ತೇನೆ. ಹೈಡ್ರೋಜನ್ ಆಗ ಇನ್ನೂ ಚಾಲೂ ಇರುತ್ತದೆ. ಒಳಗೆ ಸಿಕ್ಕಿಕೊಂಡ ಆಮ್ಲಜನಕವನ್ನು ಬಲ್ಬ್ ತಿಂದು ಮುಗಿಸುತ್ತದೆ. ಬೆಳ್ಳಗಿದ್ದ ಬೆಳಕು ಹಳದಿಯಾಗುತ್ತದೆ, ಆಮೇಲೆ ತಂತಿ ಮಾತ್ರ ಕೆಂಪಗೆ, ಆಮೇಲೆ ಅದೂ ಇಲ್ಲ. ಆಗ ವಾಲ್ವ್ ಮುಚ್ಚುವುದು. ಒಂದೆರಡು ನಿಮಿಷದ ಕೆಲಸ. ಲ್ಯಾಬ್ ಮುಗಿಸಿ ಬಸ್ ಹಿಡಿಯುವ ಆತುರದಲ್ಲಿ ಇದನ್ನು ಬಿಟ್ಟ ದಿನಗಳೂ ಇವೆ, ಸುಳ್ಳು ಹೇಳಲ್ಲ.

ಇನ್ನು ನಮ್ಮೂರಿನ ಹವೆ. ಮ್ಯಾನ್ಯುಯಲ್‌ನಲ್ಲಿ ಸುತ್ತಲಿನ ಉಷ್ಣತೆ 30 ಡಿಗ್ರಿ ಮೀರಬಾರದು ಅಂತ ಬರೆದಿದೆ. ಏಪ್ರಿಲ್ ಮಧ್ಯಾಹ್ನ ದಾವಣಗೆರೆಯಲ್ಲಿ 30 ಡಿಗ್ರಿ ಎಲ್ಲಿಂದ ತರೋದು? ಈ ಮಾದರಿಯಲ್ಲಿ ಆಮ್ಲಜನಕ ಕೊಡುವುದಕ್ಕೂ ತಂಪು ಮಾಡುವುದಕ್ಕೂ ಅದೇ ಫ್ಯಾನ್. ಬಿಸಿಯಾದಷ್ಟೂ ಫ್ಯಾನ್ ಜೋರಾಗಿ ತಿರುಗುತ್ತದೆ. ಜೋರಾಗಿ ತಿರುಗಿದಷ್ಟೂ ಪೊರೆ ಒಣಗುತ್ತದೆ. ಒಣಗಿದ ಪೊರೆಯಲ್ಲಿ ಪ್ರೋಟಾನ್ ಓಡಾಡುವುದು ಕಷ್ಟ, ಅದರಿಂದ ಇನ್ನಷ್ಟು ಬಿಸಿ. ಬಾವಿಗೆ ಬಿದ್ದವನ ಮೇಲೆ ಕಲ್ಲು ಹಾಕಿದ ಹಾಗೆ. ಒದ್ದೆಯಾಗಿ ಉಬ್ಬಿ, ಒಣಗಿ ಕುಗ್ಗಿ, ಹೀಗೇ ಆಡುತ್ತಾ ಆಡುತ್ತಾ ಪೊರೆಯಲ್ಲಿ ಸೂಜಿ ತೂತು ಬೀಳುತ್ತದೆ. ಬೇಸಿಗೆಯಲ್ಲಿ ಈಗ ಬೆಳಗ್ಗೆ ಎಂಟಕ್ಕೇ ಲ್ಯಾಬ್. ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಹಾಕುತ್ತೇವೆ. ಒಬ್ಬ ಮೇಷ್ಟ್ರು ಫ್ಯಾನ್ ಮುಂದೆಯೇ ಬೋರ್‌ವೆಲ್ ನೀರು ಸ್ಪ್ರೇ ಮಾಡೋಣ ಅಂದರು. ಕೈಮುಗಿದು ಬೇಡ ಅಂದೆ. ನಮ್ಮ ಬೋರ್ ನೀರಿನ ಗಡಸುತನ ಬಕೆಟ್ ಬುಡ ನೋಡಿದರೇ ಗೊತ್ತಾಗುತ್ತದೆ, ಅಲ್ವಾ? ಆ ಕ್ಯಾಲ್ಸಿಯಂ ಪೊರೆಯಲ್ಲಿ ಪ್ರೋಟಾನ್ ಕೂರುವ ಜಾಗಕ್ಕೆ ಹೋಗಿ ಕೂತರೆ ಎಬ್ಬಿಸುವುದು ಕಷ್ಟ. ತಟ್ಟಿಯಲ್ಲಾದರೆ ನೀರು ಆವಿಯಾಗಿ ಉಪ್ಪು ನಾರಿನಲ್ಲೇ ಉಳಿಯುತ್ತದೆ.

ಗಾಳಿಯ ಕೊಳೆಯದು ಇನ್ನೊಂದು ಕತೆ. ಫ್ಯೂಯಲ್ ಸೆಲ್ ವಾಹನಕ್ಕೆ ಹಾಕುವ ಹೈಡ್ರೋಜನ್‌ಗೆ ಐಎಸ್‌ಒ 14687 ಅಂತ ನಿಯಮ ಇದೆ. 99.97 ಶೇಕಡಾ ಶುದ್ಧ ಇರಬೇಕು, ಕಾರ್ಬನ್ ಮೊನಾಕ್ಸೈಡ್ ಹತ್ತು ಲಕ್ಷಕ್ಕೆ 0.2 ಪಾಲು, ಗಂಧಕ 0.004 ಪಾಲು ಮೀರಬಾರದು. ಗ್ಯಾಸ್‌ಗೆ ಇಷ್ಟು ಮಡಿ. ಇನ್ನೊಂದು ಬದಿಗೆ ಕೊಡುವುದು ಕಿಟಕಿಯಿಂದ ಬಂದ ಗಾಳಿ! ಸಂಜೆ ಗಾಳಿ ತಿರುಗಿದರೆ ಮಂಡಕ್ಕಿ ಭಟ್ಟಿಯ ಹೊಗೆ ವಾಸನೆ ಲ್ಯಾಬಿಗೂ ಬರುತ್ತದೆ. ಅಂಥ ಸಂಜೆಗಳಲ್ಲಿ ಅರ್ಧ ವೋಲ್ಟ್ ಕಡಿಮೆ ಬರೆದಿದ್ದು ನೋಟ್‌ಬುಕ್‌ನಲ್ಲಿ ನಾಲ್ಕು ಕಡೆ ಇದೆ. ಗಂಧಕದ ಡೈಆಕ್ಸೈಡ್ ಪ್ಲಾಟಿನಂಗೆ ಅಂಟಿಕೊಳ್ಳುತ್ತದೆ ಅನ್ನುವುದು ಗೊತ್ತಿರುವ ಮಾತೇ. ನಮ್ಮಲ್ಲಿ ಆದದ್ದು ಅದೇನಾ ಅನ್ನುವುದು ನನ್ನ ಅನುಮಾನ ಅಷ್ಟೇ, ಅಳೆದು ನೋಡಿಲ್ಲ. ಸಂಜೆ ಮಂಡಕ್ಕಿ-ಮಿರ್ಚಿ ತಿನ್ನುವುದನ್ನು ಮಾತ್ರ ಬಿಟ್ಟಿಲ್ಲ, ಕಿಟಕಿ ಮುಚ್ಚಿ ತಿನ್ನುತ್ತೇವೆ. ಫ್ಯಾನ್ ಮುಂದೆ ತೆಳುವಾದ ಆ್ಯಕ್ಟಿವೇಟೆಡ್ ಕಾರ್ಬನ್ ಹಾಳೆ ಇಟ್ಟಿದ್ದೇನೆ. ದಪ್ಪ ಇಟ್ಟರೆ ಗಾಳಿ ಸಾಲುವುದಿಲ್ಲ.

ಲಾಕ್‌ಡೌನ್‌ನಲ್ಲಿ ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದಿತ್ತು. ಮತ್ತೆ ಹಚ್ಚಿದಾಗ ವೋಲ್ಟೇಜ್ ನೋಡಿ ಎದೆ ಧಸಕ್ ಅಂದಿತು. ಮೂರು ದಿನ ಸಣ್ಣ ಲೋಡ್‌ನಿಂದ ಮೆಲ್ಲಗೆ ಏರಿಸುತ್ತಾ ಓಡಿಸಿದ ಮೇಲೆ ಪೊರೆ ನೀರು ಕುಡಿದು ಬಹುಪಾಲು ವಾಪಸ್ ಬಂತು. ಹಾಗಾಗಿ ಬಿದ್ದ ವೋಲ್ಟೇಜ್ ಎಲ್ಲವೂ ಸತ್ತ ವೋಲ್ಟೇಜ್ ಅಲ್ಲ.

610 ಗಂಟೆ ಅಂದರೆ ಏನು ಮಹಾ ಅಂತ ಕೇಳಬಹುದು. ನಿಜ. ಅಮೆರಿಕದ ಇಂಧನ ಇಲಾಖೆ ಕಾರಿಗೆ ಇಟ್ಟುಕೊಂಡ ಗುರಿಯೇ 8,000 ಗಂಟೆ, ಭಾರಿ ಲಾರಿಗೆ 2030ರ ಹೊತ್ತಿಗೆ 25,000 ಗಂಟೆ. ಅವುಗಳಲ್ಲಿ ಪಕ್ಕದಲ್ಲೊಂದು ಬ್ಯಾಟರಿ ಇದ್ದು ದಿಢೀರ್ ಏರಿಳಿತವನ್ನೆಲ್ಲ ಅದು ತಡೆದುಕೊಳ್ಳುತ್ತದೆ. ಪೊರೆಯನ್ನು ಕಡಿಯುವ ರಾಸಾಯನಿಕಗಳನ್ನು ಹಿಡಿಯಲು ಸೀರಿಯಂ ಅನ್ನುವ ಲೋಹ ಸೇರಿಸುವುದೂ ಉಂಟು. ನಮ್ಮದು ಪಾಠದ ಡಬ್ಬಿ. ಆದರೂ 2024ರ ಜನವರಿ 1ರಂದು ಇಸ್ರೋ ಪಿಎಸ್‌ಎಲ್‌ವಿ-ಸಿ58ರಲ್ಲಿ 100 ವ್ಯಾಟ್ ದರ್ಜೆಯ ಫ್ಯೂಯಲ್ ಸೆಲ್ ಹಾರಿಸಿ, ಅದು ಕಕ್ಷೆಯಲ್ಲಿ 180 ವ್ಯಾಟ್ ಕೊಟ್ಟಿತು ಅಂದಾಗ ನಮ್ಮ ಹುಡುಗರು ಈ ಡಬ್ಬಿಯನ್ನು ಸ್ವಲ್ಪ ಗೌರವದಿಂದ ನೋಡಿದರು.

ಸ್ಟಾರ್ ಕೊಡಲೇಬೇಕು ಅಂದರೆ ಸ್ಟ್ಯಾಕ್‌ಗೆ ನಾಲ್ಕು, ಮ್ಯಾನ್ಯುಯಲ್‌ಗೆ ಒಂದು, ಸರ್ವಿಸ್‌ಗೆ ಒಂದೂವರೆ. ಕಾಲೇಜಿಗೆ ತರಿಸುವುದಾದರೆ ಪ್ರತಿ ಸೆಲ್‌ನ ವೋಲ್ಟೇಜ್ ನೋಡುವ ಬೋರ್ಡ್ ಜೊತೆಗೇ ಬರುವ ಮಾಡೆಲ್ ಕೇಳಿ, ದುಡ್ಡು ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ಮನೆಗೆ ಯುಪಿಎಸ್ ಬದಲು ಇದನ್ನು ಇಡೋಣ ಅಂತ ಯೋಚಿಸುತ್ತಿದ್ದರೆ ಬೇಡ. ಪ್ರತಿ ಸಲ ಕರೆಂಟ್ ಹೋದಾಗ ಒಂದು ಸ್ಟಾರ್ಟ್, ಬಂದಾಗ ಒಂದು ಸ್ಟಾಪ್. ನಮ್ಮ ಕಡೆ ಅದು ದಿನಕ್ಕೆ ಎಷ್ಟು ಸಲ ಅಂತ ನಿಮಗೇ ಗೊತ್ತು.

ಮೊನ್ನೆ ಸೋಮವಾರ 31ನೇ ಸೆಲ್ 0.38 ತೋರಿಸಿತು. 0.35ಕ್ಕೆ ಇಳಿದ ದಿನ ಸ್ಟ್ಯಾಕ್ ಬಿಚ್ಚಿ ಆ ಒಂದು ಸೆಲ್ ತೆಗೆದು 47ರಲ್ಲೇ ಓಡಿಸುವುದು ಅಂತ ಲ್ಯಾಬ್‌ನಲ್ಲಿ ಮಾತಾಗಿದೆ. ಕಂಪನಿ ಬೇಡ ಅಂದಿದೆ. ಬೋಲ್ಟನ್ನು ಅಳತೆ ಪ್ರಕಾರ ಬಿಗಿಯುವ ಟಾರ್ಕ್ ವ್ರೆಂಚ್ ತಂದಿಟ್ಟಿದ್ದೇನೆ.