ಕುಮಟಾ ಕರಾವಳಿ ಸುತ್ತಲು ಕಾರಾ, ಸ್ಕೂಟರಾ, ರೈಲು-ಬಸ್ಸಾ?

ಹೊನ್ನಾವರದಿಂದ ಕಾರವಾರಕ್ಕೆ ಹೆದ್ದಾರಿಯಲ್ಲಿ ಸುಮಾರು 90 ಕಿಲೋಮೀಟರ್. ಎಲ್ಲೂ ನಿಲ್ಲದೆ ಹೊಡೆದರೆ ಎರಡು ಗಂಟೆಯಲ್ಲಿ ಮುಗಿದೇ ಹೋಗುತ್ತದೆ. ತುಂಬಾ ಜನ ಮಾಡುವುದೂ ಅದನ್ನೇ. ಮುರ್ಡೇಶ್ವರ ಆಯ್ತು, ಗೋಕರ್ಣ ಆಯ್ತು, ಇನ್ನು ಸೀದಾ ಗೋವಾ. ನಡುವಿನ ಹಳ್ಳಿಗಳನ್ನು ನಿಧಾನಕ್ಕೆ ನೋಡುವ ಆಸೆಯಿದ್ದರೆ ಮಾತ್ರ ಯಾವ ಗಾಡಿಯಲ್ಲಿ ಹೋಗುವುದು ಅಂತ ಯೋಚಿಸಬೇಕು. ನಾನು ಮೂರನ್ನೂ ಮಾಡಿ ನೋಡಿದ್ದೇನೆ. ನನ್ನ ಓಟು ಸ್ಕೂಟರಿಗೆ.

ಕಾರಣ ಇಲ್ಲಿನ ನದಿಗಳು. ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ, ನಾಲ್ಕೂ ಇಷ್ಟರಲ್ಲೇ ಕಡಲು ಸೇರುತ್ತವೆ. ಅಘನಾಶಿನಿಯನ್ನೇ ತಗೊಳ್ಳಿ. ಹೆದ್ದಾರಿ ಅದನ್ನು ದಾಟುವುದು ಅಳಿವೆಯಿಂದ ಸಾಕಷ್ಟು ಒಳಗೆ, ದಿವಗಿ ಸೇತುವೆಯಲ್ಲಿ. ನೋಡಬೇಕಾದ ಊರುಗಳಿರುವುದು ಅಳಿವೆಯ ಹತ್ತಿರ. ದಕ್ಷಿಣ ದಡದಲ್ಲಿ ಅಘನಾಶಿನಿ ಊರು, ಎದುರಿಗೆ ತದಡಿ. ಒಂದರಿಂದ ಇನ್ನೊಂದು ಕಣ್ಣಿಗೆ ಕಾಣುತ್ತದೆ. ಕಾರಿನಲ್ಲಿ ಹೋಗಬೇಕೆಂದರೆ ಕುಮಟಾಕ್ಕೆ ವಾಪಸ್ ಬಂದು, ಸೇತುವೆ ದಾಟಿ, ಮಾದನಗೇರಿ ಕಡೆಯಿಂದ ತಿರುಗಿ 30 ಕಿಲೋಮೀಟರಿಗಿಂತ ಜಾಸ್ತಿ ಸುತ್ತಬೇಕು.

ಹಾಗಂತ ಕಾರು ಬೇಡವೇ ಬೇಡ ಅಂತಲ್ಲ. ಅಪ್ಪ-ಅಮ್ಮ, ಚಿಕ್ಕ ಮಕ್ಕಳು ಜೊತೆಗಿದ್ದರೆ ಅದೇ ಸರಿ. ಅಪ್ಸರಕೊಂಡ, ಧಾರೇಶ್ವರ, ಮಿರ್ಜಾನ್ ಕೋಟೆ ಎಲ್ಲ ಹೆದ್ದಾರಿಗೆ ಹತ್ತಿರದಲ್ಲೇ ಇವೆ. ಕಾಳುಮೆಣಸಿನ ವ್ಯಾಪಾರಕ್ಕೆ ಹೆಸರಾದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನ ಜೊತೆ ಸೇರಿಕೊಂಡ ಕೋಟೆ ಮಿರ್ಜಾನಿನದು. ಒಂದು ಗಂಟೆ ಕೊಟ್ಟರೂ ಸಾಲದು. ಕಾರಿನ ತೊಂದರೆ ಬೇರೆ ಥರದ್ದು. ಡಿವೈಡರ್ ಇರುವ ರಸ್ತೆಯಲ್ಲಿ ಆಚೆ ಬದಿ ಒಂದು ಎಳನೀರಿನ ಅಂಗಡಿ ಕಂಡರೆ, ಯೂಟರ್ನ್ ಸಿಗುವಷ್ಟರಲ್ಲಿ ಮುಂದಿನ ಊರೇ ಬಂದಿರುತ್ತದೆ. ಒಳಗಿನ ರಸ್ತೆಗೆ ಇಳಿದರೋ, ಎದುರಿಗೆ ಬಸ್ ಬಂದಾಗ ಯಾರದೋ ಮನೆಯ ಬೇಲಿಯವರೆಗೆ ರಿವರ್ಸ್ ಹೋಗಬೇಕು.

ಸ್ಕೂಟರಿನಲ್ಲಿ ಕುಮಟಾದಿಂದ ಹೊರಟರೆ ಹೊಲನಗದ್ದೆ, ಬಾಡ, ಕಾಗಾಲ, ಕೊನೆಗೆ ಅಘನಾಶಿನಿ. ಒಂದು ಬದಿ ತೆಂಗಿನ ತೋಟ, ಮನೆಗಳ ಸಂದಿಯಲ್ಲಿ ಸಮುದ್ರ. ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಸುಮ್ನೆ ಕೂರಬಹುದು. ರಸ್ತೆ ಮುಗಿಯುವಲ್ಲಿ ದೋಣಿ ಸಿಗುತ್ತದೆ. ಜನರ ಜೊತೆ ಬೈಕು, ಸ್ಕೂಟರನ್ನೂ ಹತ್ತಿಸಿಕೊಳ್ಳುತ್ತಾರೆ. ಹಲಗೆಯ ಮೇಲೆ ಗಾಡಿ ತಳ್ಳಿ ಒಳಗೆ ಇಳಿಸುವಾಗ ಎದೆ ಒಂಚೂರು ಢವಢವ ಅನ್ನುತ್ತೆ. "ಸ್ಟ್ಯಾಂಡ್ ಹಾಕಬೇಡಿ, ಬ್ರೇಕ್ ಹಿಡ್ಕಂಡೇ ನಿತ್ಕಳಿ" ಅಂದರು ದೋಣಿಯವರು. ಪಕ್ಕದಲ್ಲಿ ಖಾಲಿ ಮೀನು ಬುಟ್ಟಿ ಇಟ್ಟುಕೊಂಡಿದ್ದ ಅಮ್ಮನೊಬ್ಬರು ನನ್ನ ಹೆಲ್ಮೆಟ್ಟನ್ನು ತಾವೇ ತಗೊಂಡು ಮಡಿಲಲ್ಲಿಟ್ಟುಕೊಂಡರು. ಎರಡೂ ಕೈ ಹ್ಯಾಂಡಲ್ ಮೇಲಿದ್ದವಲ್ಲ, ಅದಕ್ಕೆ. ನೀರು ಇಳಿದಾಗ ಹೋದರೆ ಸೊಂಟದವರೆಗೆ ಹೊಳೆಯಲ್ಲಿ ನಿಂತು ಬಳಚು ಅನ್ನುವ ಚಿಪ್ಪುಮೀನು ಆರಿಸುವವರು ಕಾಣುತ್ತಾರೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಕಟ್ಟಿಲ್ಲ. ಸಿಹಿನೀರು-ಉಪ್ಪುನೀರು ತಮ್ಮ ಪಾಡಿಗೆ ಬೆರೆಯುವುದರಿಂದಲೇ ಇಲ್ಲಿ ಚಿಪ್ಪುಮೀನು ಇಷ್ಟೊಂದು. ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತವನ್ನೂ ಇದೇ ಬಯಲಲ್ಲಿ ಬೆಳೆಯುತ್ತಾರೆ. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೂ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು.

ತದಡಿಯಲ್ಲಿ ಇಳಿದರೆ ಮೀನುಗಾರಿಕೆ ಬಂದರು. ಅಲ್ಲಿಂದ ಗೋಕರ್ಣ ಹತ್ತಿರ. ಗೋಕರ್ಣದಿಂದ ಹೆದ್ದಾರಿಗೆ ಬರುವ ದಾರಿಯಲ್ಲಿ ಸಾಣಿಕಟ್ಟಾ. ಬೇಸಿಗೆಯಲ್ಲಾದರೆ ಗದ್ದೆಯಂಥ ಪಾತಿಗಳಲ್ಲಿ ಉಪ್ಪು ಎಳೆದು ರಾಶಿ ಹಾಕಿರುತ್ತಾರೆ. ಸ್ಕೂಟರಿನ ಕಷ್ಟವನ್ನೂ ಹೇಳಬೇಕು. ಹನ್ನೊಂದು ಗಂಟೆಯ ಮೇಲೆ ಬಿಸಿಲು ಸುಡುತ್ತದೆ. ಅಂಕೋಲಾ ಕಡೆಗೆ ಹೆದ್ದಾರಿ ಹಿಡಿದ ಮೇಲೆ ಲಾರಿಗಳ ಪಕ್ಕ ಓಡಿಸುವುದು ಖುಷಿಯ ಕೆಲಸವಲ್ಲ.

ರೈಲು-ಬಸ್ ಅಗ್ಗ. ಮಂಗಳೂರು-ಮಡಗಾಂವ್ ಪ್ಯಾಸೆಂಜರಿನಲ್ಲಿ ಕಿಟಕಿ ಸಿಕ್ಕರೆ ಹೊನ್ನಾವರದ ಶರಾವತಿ ಸೇತುವೆ ನೋಡಬಹುದು. 2 ಕಿಲೋಮೀಟರಿಗಿಂತ ಉದ್ದ, ಕೊಂಕಣ ರೈಲ್ವೆಯಲ್ಲೇ ದೊಡ್ಡದು. ಆದರೆ ಸ್ಟೇಷನ್ನುಗಳು ಊರಿನಿಂದ ದೂರ, ಪ್ರತಿ ಸಲ ಆಟೊ ಹಿಡಿಯಬೇಕು. ಹಳ್ಳಿ ಬಸ್ಸಿನ ಹೊತ್ತೆಲ್ಲ ಶಾಲೆ ಮಕ್ಕಳಿಗೆ, ಪೇಟೆಗೆ ಹೋಗುವವರಿಗೆ ಹೊಂದುವಂತಿರುತ್ತದೆ. ಒಂದು ತಪ್ಪಿದರೆ ಕಟ್ಟೆಯ ಮೇಲೆ ಕೂತು ಊರಿನ ಸುದ್ದಿ ಕೇಳುವುದೇ. ಒಬ್ಬರೇ ಹೋಗುವವರಿಗೆ ಅದೂ ಬೇಜಾರಲ್ಲ ಬಿಡಿ, ಕುಟುಂಬದ ಜೊತೆಗೆ ಮಾತ್ರ ಆಗದ ಮಾತು.

ಹೊತ್ತುಗಾಲ ಅಂದರೆ ನವೆಂಬರಿನಿಂದ ಫೆಬ್ರುವರಿ ಒಳ್ಳೆಯದು. ಅಂಕೋಲೆಯ ಕರಿ ಈಶಾಡ ಮಾವು ಬೇಕಿದ್ದರೆ ಸೆಕೆ ಸಹಿಸಿಕೊಂಡು ಮೇ ತಿಂಗಳಲ್ಲಿ ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ತಾಜಾ ಮೀನು ಕಡಿಮೆ. ಜೋರು ಮಳೆಯಲ್ಲಿ ಹೆದ್ದಾರಿಯನ್ನೂ ನಂಬುವಂತಿಲ್ಲ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಇದೇ ದಾರಿಯಲ್ಲಿ.

ದೂರದಿಂದ ಬರುವವರು ಗೋಕರ್ಣದವರೆಗೆ ರೈಲು ಅಥವಾ ಬಸ್ಸಿನಲ್ಲಿ ಬಂದು, ಅಲ್ಲಿ ಬಾಡಿಗೆ ಸ್ಕೂಟರ್ ಹಿಡಿದು ತದಡಿಯಿಂದ ದಕ್ಷಿಣಕ್ಕೆ ದಾಟಬಹುದು. ಕೊನೆಯ ದೋಣಿ ಎಷ್ಟು ಗಂಟೆಗೆ ಅಂತ ಹತ್ತುವ ಮೊದಲೇ ಕೇಳಿಕೊಳ್ಳಿ. ಕಾರೇ ಆಗಬೇಕು ಅನ್ನುವವರು ಅಘನಾಶಿನಿಯಲ್ಲಿ ಕಾರು ನಿಲ್ಲಿಸಿ, ಬರಿಗೈಯಲ್ಲಿ ದೋಣಿ ಹತ್ತಿ ತದಡಿಗೆ ಹೋಗಿ ಬನ್ನಿ. ಬಂದರಿನಲ್ಲಿ ದೋಣಿಗಳಿಂದ ಮೀನು ಇಳಿಸುವುದನ್ನು ನೋಡಬೇಕಿದ್ದರೆ ಬೆಳಿಗ್ಗೆ ಬೇಗ ಹೊರಡಬೇಕು, ಅಷ್ಟೇ.